ಹಳೆಯ ಹಂಚಿನ ತಂಪು



ನಿವೃತ್ತಿಯ ನಂತರ ಊರಿನಲ್ಲೊಂದು ಮನೆ ಕಟ್ಟಬೇಕೆಂಬ ಹಂಬಲ ನಮ್ಮೆಲ್ಲರದು. ನಾನೂ ತಂದೆಯವರ ಹಂಚಿನ ಮನೆಯನ್ನು ಕೆಡವಿಸಿ, ಹಂಚುಗಳನ್ನು ಹಳ್ಳಕ್ಕೆ ಸುರಿಸಲು ಹೊರಟಿದ್ದೆ. ಆಗ ನನ್ನ ಕಣ್ಣು ತೆರೆಸಿದ್ದು, ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಕೇರಳದಲ್ಲಿ ರೂಢಿಗೆ ತಂದ ವಿಧಾನ.

ತಾರಸಿಯ ಕೆಳಭಾಗದ ಕಾಂಕ್ರೀಟು ಬಹುಮಟ್ಟಿಗೆ ಬರಿಯ ಹೊರೆ. ಅಲ್ಲಿ ಕಬ್ಬಿಣದ ಸರಳುಗಳ ನಡುವೆ ಎರಡೆರಡು ಹಳೆಯ ಹಂಚುಗಳನ್ನು ಒಂದರ ಮೇಲೊಂದಿಟ್ಟರೆ, ಒಳಗೆ ಸಿಲುಕಿದ ಗಾಳಿ ಬಿಸಿಲಿನ ಕಾವನ್ನು ತಗ್ಗಿಸುತ್ತದೆ, ಸಿಮೆಂಟೂ ಉಳಿಯುತ್ತದೆ. ಸರಳುಗಳ ಲೆಕ್ಕವನ್ನು ಮಾತ್ರ ಇಂಜಿನಿಯರರೇ ಹಾಕಬೇಕು.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಪ್ರಸಿದ್ಧಿಗೆ ಬಂದ ಹಂಚು ಇದು. ಊರಿಗೆ ಮರಳುವ ನಾವು ಊರಿನ ಮಣ್ಣನ್ನೇ ಕಸವೆಂದು ಎಸೆಯುವುದು ತರವೇ?