ಮಹಲಿಗೆ ಬಂದ ಹಳ್ಳಿಗರು

ಅಮೆರಿಕದ ‘ದಿ ಬೆವರ್ಲಿ ಹಿಲ್‌ಬಿಲೀಸ್’ ಎಂಬ ಹಾಸ್ಯ ಧಾರಾವಾಹಿಯನ್ನು ನೆನೆದಾಗಲೆಲ್ಲ ನನಗೆ ನಗುವಿನೊಡನೆ ನೋವೂ ಮೂಡುತ್ತದೆ. ಜವುಗು ನೆಲದಲ್ಲಿ ಎಣ್ಣೆ ಉಕ್ಕಿ, ಗುಡ್ಡಗಾಡಿನ ಜೆಡ್ ಕ್ಲಾಂಪೆಟ್ ಕೋಟ್ಯಧೀಶನಾಗುತ್ತಾನೆ. ಸಂಸಾರಸಮೇತ ಕ್ಯಾಲಿಫೋರ್ನಿಯದ ಮಹಲು ಸೇರುತ್ತಾನೆ. ಬಿಲಿಯರ್ಡ್ಸ್ ಮೇಜೇ ಅವರಿಗೆ ಊಟದ ಮೇಜು. ಆಟದ ಕೋಲು ಪಾತ್ರೆಗಳನ್ನು ಆಚೆಗೆ ದೂಡುವ ಸಾಧನ. ಮೊದಲು ನಾನೂ ಅವರನ್ನು ಕಂಡೇ ನಕ್ಕೆ. ಬರಬರುತ್ತ, ಅವರ ಠೇವಣಿ ಎಲ್ಲಿ ಕೈತಪ್ಪೀತೋ ಎಂದು ನಡುಗುವ ಬ್ಯಾಂಕಿನ ಡ್ರೈಸ್‌ಡೇಲನೇ ನಿಜವಾದ ನಗೆಪಾಟಲೆಂದು ತಿಳಿಯಿತು. ಜೆಡ್ ತನ್ನ ಹಳೆಯ ಟೋಪಿಯಲ್ಲೇ ನೆಮ್ಮದಿಯಾಗಿದ್ದ.

1962ರಲ್ಲಿ ಆರಂಭವಾದ ಇದನ್ನು 1971ರಲ್ಲಿ ಸಿಬಿಎಸ್ ಸಂಸ್ಥೆ ನಿಲ್ಲಿಸಿತು. ಹಳ್ಳಿಯ ಬದುಕಿನ ಇತರ ಧಾರಾವಾಹಿಗಳನ್ನೂ ಕೈಬಿಟ್ಟಿತು. ಜಾಹೀರಾತುದಾರರಿಗೆ ಬೇಕಾದವರು ನಗರದ ಯುವಜನರು. ಕಥೆಯೊಳಗೆ ಹಣವಂತ ಹಳ್ಳಿಗನನ್ನು ಓಲೈಸಿದ ನಗರ, ಕಥೆಯ ಹೊರಗೆ ಬಡ ಹಳ್ಳಿಗನ ನಗುವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.