ಹಳದಿ ದೀಪದ ವಿಚಾರ

ಮೋಟಾರ್ ಸೈಕಲ್ಲಿನ ತಲೆದೀಪದ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಸಣ್ಣ ದೀಪಗಳನ್ನು ಕಟ್ಟಿಸಿಕೊಳ್ಳುವ ಪದ್ಧತಿ ನಮ್ಮ ಕಡೆ ಈಗ ಸಾಮಾನ್ಯವಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆ ರಾತ್ರಿ ಓಡಾಡುವವನಿಗೆ ಇದು ಬರಿಯ ಶೋಕಿಯಲ್ಲ. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದ ಮೇಲೆ ಬೀದಿದೀಪವೆಂಬುದು ಊರು ಬಂದಾಗಿನ ಮಾತು. ನಡುವೆ ಇರುವುದು ಕತ್ತಲೆ, ಕುರಿಮಂದೆ, ಹಿಂದೀಪವಿಲ್ಲದ ಟ್ರ್ಯಾಕ್ಟರು. ಗುಡೇಕೋಟೆಯ ಕಡೆ ಹೋದರೆ ಒಮ್ಮೊಮ್ಮೆ ಕರಡಿ. ಈ ಜೋಡಿ ದೀಪಗಳ ಬಣ್ಣ ಬಿಳಿಯಾಗಿರಬೇಕೋ ಹಳದಿಯಾಗಿರಬೇಕೋ ಎಂಬುದೇ ಇಂದು ನಾನು ಎತ್ತಿಕೊಂಡಿರುವ ವಿಷಯ. ನನ್ನ ಗಾಡಿಯ ಬಿಳಿ ದೀಪಗಳನ್ನು ತೆಗೆಸಿ ಹಳದಿ ಹಾಕಿಸಿ ಎರಡು ಚಳಿಗಾಲ ಕಳೆದಿವೆಯಾದ್ದರಿಂದ, ಈ ಬಗ್ಗೆ ನಾಲ್ಕು ಮಾತು ಆಡಬಹುದೆಂದು ಭಾವಿಸಿದ್ದೇನೆ.

ದೀಪ ಮಾರುವವರು ಹೇಳುವ ಮಾತೊಂದುಂಟು: ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂದು. ಕೇಳಲು ಚೆಂದ, ಆದರೆ ನಿಜವಲ್ಲ. ಆಕಾಶ ನೀಲಿಯಾಗಿ ಕಾಣುವುದಕ್ಕೆ ಲಾರ್ಡ್ ರ‍್ಯಾಲೆ 1871ರಲ್ಲಿ ಕೊಟ್ಟ ವಿವರಣೆಯೇ ಈ ನಂಬಿಕೆಯ ಬೇರಿನಲ್ಲಿರುವಂತೆ ತೋರುತ್ತದೆ. ಗಾಳಿಯ ಅಣುಗಳಂಥ ಅತಿ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಚೆದುರಿಸುತ್ತವೆ. ಆದರೆ ಮಂಜಿನ ಹನಿ ಅಣುವಲ್ಲ. ಬೆಳಕಿನ ಅಲೆಯ ಉದ್ದಕ್ಕೆ ಹೋಲಿಸಿದರೆ ಅದು ಹತ್ತಾರು ಪಟ್ಟು ದೊಡ್ಡದು. ಅಷ್ಟು ದೊಡ್ಡ ಹನಿಗೆ ಬಣ್ಣಗಳಲ್ಲಿ ಭೇದಭಾವವಿಲ್ಲ. ಎಲ್ಲವನ್ನೂ ಬಹುಮಟ್ಟಿಗೆ ಒಂದೇ ಸಮನಾಗಿ ಚೆದುರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೂ ಆ ಕಾರಣಕ್ಕೇ.

ಹಾಗಾದರೆ ಹಳದಿಯಿಂದ ಲಾಭವಿಲ್ಲವೇ? ಉಂಟು, ಆದರೆ ಆ ಲಾಭ ದಾರಿಯಲ್ಲಿಲ್ಲ, ಕಣ್ಣಿನಲ್ಲಿದೆ. ಈಗಿನ ಬಿಳಿ ಎಲ್‌ಇಡಿ ದೀಪದ ಒಳಗಿರುವುದು ನೀಲಿ ಬೆಳಕು ಸೂಸುವ ಒಂದು ಚೂರು. ಅದರ ಮೇಲೆ ಹಳದಿ ಲೇಪವೊಂದನ್ನು ಬಳಿದು ಬಿಳುಪು ಬರಿಸಿರುತ್ತಾರೆ. ಹಾಗಾಗಿ ಅದರ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. ನಮ್ಮ ಕಣ್ಣಿನ ಮಸೂರ ನೀಲಿಯನ್ನೂ ಹಳದಿಯನ್ನೂ ಒಂದೇ ಬಿಂದುವಿಗೆ ತರಲಾರದು; ನೀಲಿ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡಿಬಿಡುತ್ತದೆ. ಕತ್ತಲೆಯಲ್ಲಿ ಕಣ್ಣಿನ ಪಾಪೆ ಹಿಗ್ಗಿರುವಾಗ ಈ ಮಸುಕು ಇನ್ನಷ್ಟು ಹೆಚ್ಚುತ್ತದೆ. ಅರುವತ್ತು ದಾಟಿದವರ, ಪೊರೆ ಕಟ್ಟತೊಡಗಿದವರ ಕಣ್ಣಿಗಂತೂ ಎದುರಿನ ಬಿಳಿ ದೀಪ ಒಂದು ಬೆಂಕಿಯ ಚಕ್ರ. ಬೆಳಕಿನ ಪ್ರಮಾಣ ಒಂದೇ ಆಗಿದ್ದರೂ ಹಳದಿ ಅಷ್ಟು ಚುಚ್ಚುವುದಿಲ್ಲ. ಫ್ರಾನ್ಸ್ ದೇಶದಲ್ಲಿ 1936ರ ಕಟ್ಟಳೆಯೊಂದರಿಂದ ಮೋಟಾರುಗಳಿಗೆ ಹಳದಿ ತಲೆದೀಪ ಕಡ್ಡಾಯವಾಗಿತ್ತು. ಯುರೋಪಿನ ಸಮಾನ ನಿಯಮಗಳಿಗೆ ಹೊಂದಿಕೊಳ್ಳಲು 1993ರಲ್ಲಿ ಅದನ್ನು ಕೈಬಿಟ್ಟರು.

ಹಳದಿ ಗಾಜು ಬೆಳಕನ್ನು ಹೆಚ್ಚಿಸುವುದಿಲ್ಲ, ಒಂದಷ್ಟನ್ನು ನುಂಗುತ್ತದೆ ಎಂಬುದನ್ನೂ ಹೇಳಬೇಕು. ಬಿಳಿ ದೀಪದ ಮೇಲೆ ಅಂಗಡಿಯ ಹಳದಿ ಹಾಳೆ ಅಂಟಿಸುವುದಕ್ಕಿಂತ, ಹುಟ್ಟಿನಿಂದಲೇ ಹಳದಿಯಾದ ದೀಪವನ್ನು ಕೊಳ್ಳುವುದು ಲೇಸು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ ಗಾಡಿಗಳ ಆರು ವೋಲ್ಟಿನ ಬಲ್ಬು ಸಹಜವಾಗಿಯೇ ಅರಿಶಿನ ಬಣ್ಣದ್ದಾಗಿತ್ತು. ಅದನ್ನು ನೋಡಿದವರು ಯಾರೂ ಕಣ್ಣು ಮುಚ್ಚಿಕೊಂಡದ್ದು ನನಗೆ ನೆನಪಿಲ್ಲ. ಆ ದೀಪದಲ್ಲಿ ದಾರಿ ಕಂಡದ್ದೂ ಅಷ್ಟಕ್ಕಷ್ಟೆ ಎನ್ನಿ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಗುಣವನ್ನು ನಾನು ಗಮನಿಸಿದ್ದೇನೆ. ಕೂಡ್ಲಿಗಿಯ ಸುತ್ತಲಿನ ನೆಲ ಬಹುಪಾಲು ಕೆಂಪು. ಕೆಂಪು ಮಣ್ಣು ನೀಲಿಯನ್ನು ಹೀರಿ ಹಳದಿ, ಕೆಂಪುಗಳನ್ನು ಹಿಂದಿರುಗಿಸುತ್ತದೆ. ನೀಲಿ ಬೆರೆತ ಬಿಳಿ ಬೆಳಕಿನಲ್ಲಿ ಡಾಂಬರೂ ಪಕ್ಕದ ಮಣ್ಣೂ ಒಂದೇ ಬೂದಿಯಾಗಿ ಕಾಣುವ ಕಡೆ, ಹಳದಿ ಬೆಳಕಿನಲ್ಲಿ ರಸ್ತೆಯ ಅಂಚು ಗೆರೆ ಎಳೆದಂತೆ ಬೇರೆಯಾಗುತ್ತದೆ. ಅಂಚು ಕುಸಿದ ಕಿರುದಾರಿಯಲ್ಲಿ ಎದುರಿಗೆ ಲಾರಿ ಬಂದಾಗ ಆ ಗೆರೆಯ ಬೆಲೆ ತಿಳಿಯುತ್ತದೆ. ಹಡಗಲಿಯ ಕಡೆಯ ಎರೆಹೊಲಗಳ ನಡುವೆ ಈ ಉಪಕಾರವಿಲ್ಲ. ಕಪ್ಪು ಮಣ್ಣಿಗೆ ಯಾವ ದೀಪವಾದರೂ ಅಷ್ಟೆ.

ದಾರಿ ವಾಹನದವನೊಬ್ಬನದಲ್ಲವಷ್ಟೆ. ಮಾಘ ಮಾಸ ಬಂತೆಂದರೆ ಮೈಲಾರದ ಕಾರಣಿಕಕ್ಕೆ, ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ಜನ ಬಿಸಿಲು ತಪ್ಪಿಸಿ ರಾತ್ರಿಯೆಲ್ಲ ನಡೆಯುತ್ತಾರೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಗು, ಬರಿಗಾಲು. ಎದುರಿನಿಂದ ಉರಿಬಿಳಿಯ ದೀಪ ಹೊಡೆದಾಗ ಆ ತಾಯಿ ಹೆಜ್ಜೆ ಎಲ್ಲಿ ಇಡಬೇಕು? ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಹಿಡಿಯುವ ಹೊತ್ತಿನಲ್ಲಿ ಹಿಂದಿನಿಂದ ಇನ್ನೊಂದು ಗಾಡಿ ಬಂದಿರುತ್ತದೆ. 2024ರ ಜುಲೈಯಿಂದ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ಮೊಕದ್ದಮೆ ಹೂಡತೊಡಗಿದ್ದು ಸುಮ್ಮನೆ ಅಲ್ಲ.

ಬಣ್ಣಕ್ಕಿಂತ ದೊಡ್ಡದು ದೀಪದ ಮುಖ ಎತ್ತ ಇದೆ ಎಂಬುದು. ತಲೆ ಎತ್ತಿದ ಹಳದಿ ದೀಪ, ತಲೆ ತಗ್ಗಿಸಿದ ಬಿಳಿ ದೀಪಕ್ಕಿಂತ ಕೆಟ್ಟದ್ದು. ಜೋಡಿ ದೀಪವನ್ನು ಆದಷ್ಟು ತಗ್ಗಿನಲ್ಲಿ ಕಟ್ಟಿಸಬೇಕು. ತುಂಗಭದ್ರೆಯ ಹಿನ್ನೀರಿನ ಕಡೆ ಬೆಳಗಿನ ಜಾವ ಮಂಜು ಕವಿದಾಗ ಸವಾರನ ನೋಟದ ಕೆಳಗೇ ಬೆಳಕು ಹರಿದುಹೋಗುವುದರಿಂದ ಹನಿಗಳಿಂದ ಮರಳಿ ಬಂದು ಕಣ್ಣಿಗೆ ಹೊಡೆಯುವುದು ಕಡಿಮೆ. ಮಂಜಿನ ದೀಪದ ಗುಟ್ಟು ಬಹುಮಟ್ಟಿಗೆ ಇಷ್ಟೇ. ಇನ್ನು, ಒಬ್ಬನೇ ಕುಳಿತು ಸರಿಪಡಿಸಿದ ದೀಪ, ಹಿಂದೆ ಶೇಂಗಾದ ಚೀಲ ಹೇರಿದೊಡನೆ ಆಕಾಶ ನೋಡುತ್ತದೆ. ಹೊರೆ ಹೇರಿಯೇ ಗೋಡೆಯ ಮುಂದೆ ನಿಲ್ಲಿಸಿ ನೋಡಬೇಕು: ಇಪ್ಪತ್ತೈದು ಅಡಿ ದೂರದ ಗೋಡೆಯ ಮೇಲೆ ಬೆಳಕಿನ ನೆತ್ತಿ ದೀಪದ ಎತ್ತರಕ್ಕಿಂತ ಒಂದು ಗೇಣು ಕೆಳಗೆ ಬೀಳಬೇಕು. ದೀಪಕ್ಕೆ ಬೇರೆಯದೇ ಸ್ವಿಚ್ಚು, ಫ್ಯೂಸು ಇರಲಿ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರಗಳ ತಲೆದೀಪ ಹಗಲಿರುಳೂ ತಾನಾಗಿ ಉರಿಯುವಂತೆ ಮಾಡಿದ್ದಾರೆ. ಜೋಡಿ ದೀಪ ಹಾಗಾಗಬಾರದು. ಊರೊಳಗೆ ಬಂದ ಕೂಡಲೆ, ಎದುರಿಗೆ ಯಾರಾದರೂ ಕಂಡ ಕೂಡಲೆ ಅದು ಆರಬೇಕು.

ಹಳದಿ ದೀಪಕ್ಕೂ ಕಾಣದ ಒಂದು ಅಪಾಯ ನಮ್ಮ ದಾರಿಗಳಲ್ಲಿದೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರಡುತ್ತಾರೆ. ಹರಡಿದ ಕಾಳು ಹೊನ್ನಿನಂತೆ ಹೊಳೆಯುತ್ತದೆ, ದೂರಕ್ಕೇ ಕಾಣುತ್ತದೆ. ರಾತ್ರಿ ಅದನ್ನು ರಾಶಿ ಮಾಡಿ ಕರಿಯ ತಾಡಪಾಲು ಮುಚ್ಚಿ, ಸುತ್ತ ಕರಿಗಲ್ಲು ಇಟ್ಟು ಹೋಗುತ್ತಾರೆ. ಡಾಂಬರಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕಪ್ಪು. ಕಣ ಮಾಡಲು ಬೇರೆ ಜಾಗವಿಲ್ಲದವನನ್ನು ಬೈದು ಫಲವಿಲ್ಲ. ಕೊಟ್ಟೂರಿನ ದಾರಿಯಲ್ಲಿ ಒಬ್ಬ ರೈತನಿಗೆ, ಕಲ್ಲುಗಳಿಗಾದರೂ ಸುಣ್ಣ ಬಳಿಯಬಾರದೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ನನ್ನ ಹಳದಿ ದೀಪಗಳನ್ನು ನೋಡಿ, ಸುಣ್ಣದ ಡಬ್ಬಿ ಮನೆಯಲ್ಲೇ ಇದೆ, ನಾಳೆ ತರುತ್ತೇನೆ ಎಂದ. ಮುಂದಿನ ವಾರ ಆ ದಾರಿಯಲ್ಲಿ ಬಂದಾಗ ಏಳು ಕಲ್ಲು ಬೆಳ್ಳಗಿದ್ದವು.