ಅಂಗಳದಲ್ಲಿ ತಾನಾಗಿ ಹುಟ್ಟಿದ ಸಸಿಗಳು



ಮುಂಗಾರು ಹಿಡಿದ ಕೆಲವೇ ವಾರಗಳಲ್ಲಿ ಮಲೆನಾಡಿನ ಮನೆಯಂಗಳದಲ್ಲಿ ಯಾರೂ ನೆಡದ ಸಸಿಗಳು ತಲೆಯೆತ್ತುತ್ತವೆ. ಹಕ್ಕಿ, ಬಾವಲಿ, ಅಳಿಲುಗಳು ಬಿತ್ತಿದ ಈ ಬೆಳೆಯನ್ನು ಕಳೆಯೆಂದು ಕಿತ್ತೆಸೆಯುವ ಮುನ್ನ ಗುರುತಿಸುವುದು ಅಗತ್ಯ.

ಎಳೆಯ ಸಸಿ ತಾಯಿಮರವನ್ನೇ ಹೋಲಬೇಕೆಂದಿಲ್ಲ. ಹಲಸಿನ ಎಳೆ ಎಲೆಗಳು ಸೀಳಿಕೊಂಡಿರುವುದುಂಟು. ಅಕೇಶಿಯಾ ಸಸಿಯಲ್ಲಿ ಮೊದಲು ಸೀಗೆಯಂತಹ ಕಿರುಎಲೆಗಳು ಮೂಡುತ್ತವೆ. ಅನಂತರ ತೊಟ್ಟೇ ಚಪ್ಪಟೆಯಾಗಿ ಎಲೆಯ ರೂಪ ತಾಳುತ್ತದೆ. ಆದ್ದರಿಂದ ಎಲೆಯ ಆಕಾರವೊಂದನ್ನೇ ನಂಬಲಾಗದು.

ಮೊದಲು ಬುಡದ ಮಣ್ಣನ್ನು ಮೆಲ್ಲನೆ ಸರಿಸಿದರೆ ಮಾವಿನ ಗೊರಟೋ ಹಲಸಿನ ಬೇಳೆಯೋ ಕಾಣಬಹುದು. ಬಳಿಕ ಎಲೆಗಳ ಜೋಡಣೆಯನ್ನು ನೋಡಬೇಕು. ನೇರಳೆ, ಉಪ್ಪಾಗೆ, ಮುರುಗಲುಗಳಲ್ಲಿ ಎಲೆಗಳು ಎದುರುಬದುರಾಗಿರುತ್ತವೆ; ಮಾವು, ಹಲಸು, ಸಂಪಿಗೆಗಳಲ್ಲಿ ಒಂದಾದ ಮೇಲೊಂದರಂತೆ ಇರುತ್ತವೆ. ಹಲಸು, ಸಂಪಿಗೆಗಳೆರಡರ ಕಾಂಡದಲ್ಲೂ ಬಳೆಯಂತಹ ಗುರುತುಗಳಿವೆ. ಆದರೆ ಹಾಲು ಒಸರುವುದು ಹಲಸಿನಲ್ಲಿ ಮಾತ್ರ. ಉಪ್ಪಾಗೆ, ಮುರುಗಲುಗಳ ಸೊನೆ ಹಳದಿ. ದಾಲ್ಚಿನ್ನಿಯ ಎಲೆಯಲ್ಲಿ ಮೂರು ನರಗಳು ಎದ್ದು ಕಾಣುತ್ತವೆ.

ಗುರುತು ಸಿಗದ ಎಲೆಯನ್ನು ಬರಿಗೈಯಲ್ಲಿ ಹಿಸುಕಿ ಮೂಸಬಾರದು. ಹೊಳಗೇರಿನ ಸೊನೆ ತಗುಲಿದರೆ ಚರ್ಮದ ಮೇಲೆ ಬೊಬ್ಬೆಗಳೇಳುತ್ತವೆ. ಅದರ ಎಲೆತೊಟ್ಟಿನಲ್ಲಿ ಮುಳ್ಳಿನಂತಹ ಎರಡು ಪುಟ್ಟ ಚಾಚುಗಳಿರುತ್ತವೆ, ಅವು ಉದುರಿಹೋಗಿರಲೂಬಹುದು.

1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಬೆಲೆ ಬಂದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಕೊಂಬೆಗಳನ್ನೇ ಕಡಿದು ಕಾಯಿ ಕೊಯ್ದದ್ದುಂಟು. ಅಂತಹ ಮರದ ಸಸಿ ಅಂಗಳಕ್ಕೇ ಬಂದರೆ ಅದು ಕಾಡಿನ ಕೊಡುಗೆ. ಗಂಡು, ಹೆಣ್ಣು ಮರಗಳು ಬೇರೆಬೇರೆಯಾದ್ದರಿಂದ ಒಂದೇ ಸಸಿಯನ್ನು ಉಳಿಸಿದರೆ ಸಾಲದು. ಅಕೇಶಿಯಾವನ್ನಾದರೋ ಎಳೆಯದಿರುವಾಗಲೇ ಕೀಳುವುದು ಲೇಸು.

ಹೆಸರು ತಿಳಿಯದ ಸಸಿಯ ಪಕ್ಕದಲ್ಲಿ ಒಂದು ಗೂಟ ನೆಟ್ಟು, ಊರಿನ ಹಿರಿಯರಿಗೆ ತೋರಿಸಿ, ಇನ್ನೊಂದು ಮಳೆಗಾಲದವರೆಗೆ ಕಾಯೋಣ. ಕಿತ್ತ ಸಸಿಯನ್ನು ಗುರುತಿಸಿ ಫಲವಿಲ್ಲ.